ಕೈಬಿಟ್ಟ ಕಾಲುಸಂಕ

೧೪ ಜುಲೈ ೨೦೦೯, ಮಂಗಳವಾರ

ನಾನು ಬಾಯಿ ತೆರೆಯಬಾರದಿತ್ತು.

ಮಕ್ಕಳು ತೋಡಿನ ನೀರು ದಾಟಲೆಂದು ಶಾಲೆಯ ಹತ್ತಿರ ಹಾಕಬೇಕಿದ್ದ ಕಾಲುಸಂಕವನ್ನು ದೇವಸ್ಥಾನದ ಎದುರಿಗೆ ಹಾಕಬೇಕೆಂದು ಕವಡೆ ಪ್ರಶ್ನೆಯಲ್ಲಿ ಕಂಡಿದೆಯಂತೆ. ಗ್ರಾಮಸಭೆಗೆ ಬಂದು ತಂತ್ರಿಗಳೇ ಹೇಳಿದರು. ಅಧ್ಯಕ್ಷರು ತಲೆಯಾಡಿಸಿದರು.

ಮೀನು ಮಾರುವ ವನಜ ಎದ್ದು, "ಅಲ್ಲ್ ಹಾಕ್ರೆ ನಮ್ ಮಕ್ಕಳ್ ಶಾಲಿಗ್ ಹೋಪ್ದ್ ಹ್ಯಾಂಗೆ?" ಎಂದಳು. ಅಧ್ಯಕ್ಷರು ತಂತ್ರಿಗಳ ಕಡೆ ತಿರುಗಿ, ಇನ್ನೊಮ್ಮೆ ಯೋಚಿಸೋಣವೇ ಎಂದರು.

ಅಷ್ಟಕ್ಕೇ ಬಿಡಬೇಕಿತ್ತು. ನಾನು ಎದ್ದು ಸಂವಿಧಾನ, ಮೌಢ್ಯ, ಪುರೋಹಿತಶಾಹಿ ಎಂದು ಕೊರೆದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಮಕ್ಕಳ ಮಾತು ಹೋಗಿ ದೇವರ ಮಾತಾಯಿತು. ಕೊನೆಗೆ ವನಜಳೂ ತಂತ್ರಿಗಳ ಪರವಾಗಿಯೇ ಕೈ ಎತ್ತಿದಳು.

ಬೈಂದೂರು ಬಸ್ಸಿಗೆ ಕಾಯುವಾಗ ಬುಟ್ಟಿ ಇಳಿಸಿ ಮೆಲ್ಲಗೆ ಹೇಳಿದಳು: "ದೇವ್ರಿಗ್ ಎದ್ರ್ ಹೇಳುಕೆ ನಂಗ್ ಧೈರ್ಯ ಇಲ್ಲೆ, ಮಾಷ್ಟ್ರೇ. ನೀವ್ ಸುಮ್ನೆ ಕೂಕಂಡಿದ್ರೆ ಸಂಕ ಸಿಕ್ತಿತ್ತ್."