ನೀರಿನ ಬಾಟಲಿಯಲ್ಲಿದ್ದ ಸೀಮೆಎಣ್ಣೆ

ಅಮ್ಮಾ,

ಇವತ್ತು ನಿನ್ನ ಮೊಮ್ಮಗಳು ನೀರೆಂದುಕೊಂಡು ಸೀಮೆಎಣ್ಣೆ ಕುಡಿದುಬಿಟ್ಟಳು. ನಾನು ಅಲ್ಲೇ ಸ್ಟೌ ಒರೆಸುತ್ತಿದ್ದೆ. ಬಿಸಿಲಿಗೆ ಹೊಳೆಯುತ್ತಿದ್ದ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಕನಸಿನಲ್ಲಿ ಕಂಡ ಹಾಗೆ ಚೆಂದವಿತ್ತು. ಆಮೇಲೆ ಕೆಮ್ಮು ಶುರುವಾಯಿತು. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕಹೊರಟೆ.

"ಬೇಡ ಕಣೇ, ಶ್ವಾಸಕೋಶಕ್ಕೆ ಹೋಗುತ್ತೆ! ಆಸ್ಪತ್ರೆಗೆ ನಡಿ!" ಎಂದು ಪಕ್ಕದ ಮನೆಯ ಟೈಲರ್ ಅಕ್ಕ ಕೂಗಿದಳು.

ಎತ್ತಿಕೊಂಡು ಓಡಿದೆ. ಕಾಲು ನೆಲಕ್ಕೆ ತಾಗಿದ ನೆನಪಿಲ್ಲ, ಬೀದಿಯೇ ತೇಲಿದಂತಿತ್ತು.

ಸಂಜೆ ಉಸಿರಾಟ ಸರಿಹೋಯಿತು. "ನೀವೆಲ್ಲಿದ್ರಿ ಆಗ?" ಎಂದು ನರ್ಸ್ ಕೇಳಿದರು.

"ಅಲ್ಲೇ ಇದ್ದೆ" ಎಂದೆ.

ತಮ್ಮ ಹೀಗೇ ಸೀಮೆಎಣ್ಣೆ ಕುಡಿದು ತೀರಿಹೋದಾಗ ನಾವೆಲ್ಲ ನಿನ್ನನ್ನು ಇದನ್ನೇ ಕೇಳಿದ್ದೆವು. ನೀನೂ ಇದೇ ಉತ್ತರ ಕೊಟ್ಟಿದ್ದೆ.

ಮಗು ನನ್ನ ತೋಳಿನ ಮೇಲೆ ಮಲಗಿದೆ. ನೀನಿದ್ದಿದ್ದರೆ ನನ್ನನ್ನು ಏನೂ ಕೇಳುತ್ತಿರಲಿಲ್ಲ.