ಹದಿನೇಳನೆಯ ತಂತಿಯ ಮೌನ

ಮಾತು ಬಿಟ್ಟಿರುವ ನನ್ನ ಅಕ್ಕನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಕು ಅನ್ನಿಸಿರುತ್ತದೆ ನಿನಗೆ. ಹಾಕು, ಬೇಡ ಅನ್ನುವುದಿಲ್ಲ. ಪೂರ್ತಿ ಓದಿ ಹಾಕು, ಅಷ್ಟೇ. ಒಂದು ವರ್ಷ ಎರಡು ತಿಂಗಳಿಂದ ನನ್ನ ಫೋನ್ ಬಂದಾಗಲೆಲ್ಲ ಕಟ್ ಮಾಡಿದ್ದೀಯ. ಇವತ್ತು ಬೆಳಿಗ್ಗೆಯಿಂದ ಆರು ಸಲ ಮಾಡಿದೆ, ಆರು ಸಲವೂ ಕಟ್. ನಿನ್ನ ಹಟ ನನಗೆ ಹೊಸದೇನಲ್ಲ. ಅದಕ್ಕೇ ಈ ಕಾಗದ. ಮಧ್ಯಾಹ್ನ ಒಂದಕ್ಕೆ ಜೀಪಿನ ಡ್ರೈವರ್ ನಿಮ್ಮ ಕ್ವಾರ್ಟರ್ಸ್ ಕಡೆಗೆ ಇಳಿಯುತ್ತಾನೆ, ಅಷ್ಟರೊಳಗೆ ಬರೆದು ಮುಗಿಸಬೇಕು. ಈಗ ಹನ್ನೊಂದೂ ಕಾಲು.

ನಾನು ಕೂತಿರುವುದು ಅಣೆಕಟ್ಟೆಯ ಹೊಟ್ಟೆಯೊಳಗೆ, ಭಾವ ಇಪ್ಪತ್ತಾರು ವರ್ಷ ಕೂತಿದ್ದ ಕಿವಿಕೋಣೆಯಲ್ಲಿ. ನೀನು ಒಮ್ಮೆಯೂ ಇಲ್ಲಿಗೆ ಬಂದವಳಲ್ಲ. ಇನ್ನೂರ ಹನ್ನೆರಡು ಮೆಟ್ಟಿಲು ಇಳಿದರೆ ಉದ್ದನೆಯ ಸುರಂಗ, ಹತ್ತು ಹೆಜ್ಜೆಗೊಂದು ಬಲ್ಬು, ಗೋಡೆಯ ಬುಡಕ್ಕೆ ಗೇಣಗಲದ ಮೋರಿ. ಮೋರಿಯಲ್ಲಿ ಯಾವಾಗಲೂ ಒಂದಿಷ್ಟು ತಿಳಿನೀರು ಹರಿಯುತ್ತಿರುತ್ತದೆ, ಇಷ್ಟು ದೊಡ್ಡ ಗೋಡೆ ಬೆವರದೆ ಇರುತ್ತದೆಯೇ? ಸುರಂಗದ ಕೊನೆಗೆ ಈ ಕೋಣೆ. ಒಂದು ಮೇಜು, ಒಂದು ಕುರ್ಚಿ, ಕಟ್ಟೆಯ ಮೇಲಿನ ಸಾಹೇಬರ ಆಫೀಸಿಗೆ ಮಾತಾಡುವ ಹಳೆಯ ಫೋನು, ಮತ್ತೆ ಗೋಡೆಯಿಂದ ಇಳಿದು ಬಂದ ಇಪ್ಪತ್ತನಾಲ್ಕು ತಾಮ್ರದ ತಂತಿಗಳು. ಪ್ರತಿ ತಂತಿಯ ಆ ತುದಿಯಲ್ಲಿ, ಕಾಂಕ್ರೀಟಿನೊಳಗೆ, ಒಂದೊಂದು ಮೈಕು ಹೂತಿದೆ. ಭಾವ ದಿನವೂ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ತಂತಿ ಜೋಡಿಸಿ ಗೋಡೆಯ ಒಳಗನ್ನು ಕೇಳುತ್ತಿದ್ದರು. ಕೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಇಪ್ಪತ್ತಾರು ವರ್ಷದ ಅಷ್ಟೂ ರಿಜಿಸ್ಟರುಗಳು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿವೆ.

ನನಗೆ ಈ ವಿದ್ಯೆಯ ಹುಚ್ಚು ಹಿಡಿಸಿದವರೂ ಅವರೇ. ನಿನ್ನ ಮದುವೆಯಾದ ಹೊಸತರಲ್ಲಿ ಅವರ ರೇಡಿಯೋ ಮುಟ್ಟಿದೆ ಅಂತ ನೀನು ನನ್ನ ಕಿವಿ ಹಿಂಡಿದೆಯಲ್ಲ, ನೆನಪಿದೆಯಾ? ಅವರು ನಗುತ್ತಾ, "ಬಿಡೇ, ಬಿಚ್ಲಿ. ಏಯ್, ಸ್ಕ್ರೂ ಮಾತ್ರ ಕಳೀಬೇಡ ಕಣೋ, ಕಳೆದ್ರೆ ನಿಮ್ಮಕ್ಕ ನನ್ನನ್ನೂ ಮನೆಯಿಂದಾಚೆ ಹಾಕ್ತಾಳೆ" ಅಂದಿದ್ದರು. ಅಷ್ಟು ಪ್ರೀತಿಯಿಂದ ಯಾರೂ ನನಗೆ ಏನನ್ನೂ ಕೊಟ್ಟಿರಲಿಲ್ಲ.

ಅಂಥವರ ಕುರ್ಚಿಗೆ ನಾನು ಪೆಟ್ಟಿಗೆ ತಂದು ಕೂರಿಸಿದೆ. ಆ ಪೆಟ್ಟಿಗೆ ಏನು ಮಾಡುತ್ತದೆ ಅಂತ ನೀನು ಕೇಳಲಿಲ್ಲ, ಹೇಳುವ ಮುಖ ನನಗೂ ಇರಲಿಲ್ಲ. ಈಗ ನಿನ್ನ ಹೊಲಿಗೆಯ ಲೆಕ್ಕದಲ್ಲೇ ಹೇಳುತ್ತೇನೆ, ಕೇಳು. ತಂತಿಯಲ್ಲಿ ಬರುವ ಸದ್ದು ಅಂಗಿಯ ಕತ್ತಿನ ಹಾಗೆ, ಎಲ್ಲೂ ತುಂಡಾಗದೆ ಬಾಗಿಕೊಂಡು ಹೋಗುತ್ತದೆ. ಆ ಬಾಗನ್ನು ಹಾಗೇ ನಲವತ್ತು ಮೈಲಿ ದೂರದ ದೊಡ್ಡ ಆಫೀಸಿಗೆ ಕಳಿಸಿದರೆ ದಾರಿಯಲ್ಲೇ ಕೆಟ್ಟು ಗೊರಗೊರ ಆಗುತ್ತದೆ. ಅದಕ್ಕೇ ಪೆಟ್ಟಿಗೆ ಆ ಬಾಗಿಗೆ ಸೆಕೆಂಡಿಗೆ ಎಂಟು ಸಾವಿರ ಕಡೆ ಟೇಪು ಹಿಡಿದು ಅಳೆಯುತ್ತದೆ. ಪ್ರತಿ ಅಳತೆಗೂ ಒಂದು ಅಂಕಿ. ರೇಡಿಯೋದಲ್ಲಿ ಹೋಗುವುದು ಬರೀ ಅಂಕಿಗಳು. ಅಂಕಿಗೆ ದಾರಿಯ ಧೂಳು ಹತ್ತುವುದಿಲ್ಲ. ಆ ಕಡೆಯ ಪೆಟ್ಟಿಗೆ ಅಂಕಿ ಓದಿಕೊಂಡು ಅದೇ ಬಾಗನ್ನು ಮತ್ತೆ ಕತ್ತರಿಸುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಒಳ್ಳೆಯ ದರ್ಜಿ.

ಆದರೆ ಇಪ್ಪತ್ತನಾಲ್ಕು ಮೈಕುಗಳ ಅಂಕಿ ಒಂದೇ ದಾರಿಯಲ್ಲಿ ಹೋಗಬೇಕಿತ್ತು. ಹಿಡಿಸಲಿಲ್ಲ. ನಾನೊಂದು ಜಾಣತನ ಮಾಡಿದೆ. ಗೋಡೆ ಸುಮ್ಮನಿರುವಾಗಲೂ ಜನರೇಟರಿನ ಗುಂಯ್ ಅನ್ನುವ ಸದ್ದು ಇದ್ದೇ ಇರುತ್ತದೆ. ಅದನ್ನು ಒಂದು ಗಂಟೆ ಹಿಡಿದಿಟ್ಟು, 'ಇದೇ ಮೌನ' ಅಂತ ಪೆಟ್ಟಿಗೆಗೆ ಕಲಿಸಿದೆ. ಬಂದ ಸದ್ದಿನಲ್ಲಿ ಈ ಮೌನವನ್ನು ಕಳೆ, ಉಳಿದದ್ದು ಅತಿ ಚಿಕ್ಕದಾಗಿದ್ದರೆ ಸೊನ್ನೆ ಅಂತ ಕಳಿಸು. ನೀರಿನ ಮಟ್ಟ ಏರಿಳಿದಂತೆ ಗುಂಯ್ ಕೂಡ ಬದಲಾಗುತ್ತದಲ್ಲ, ಅದಕ್ಕೆ ಪ್ರತಿ ಭಾನುವಾರ ನೀನೇ ಹೊಸ ಮೌನ ಹಿಡಿದುಕೋ ಅಂತಲೂ ಕಲಿಸಿದೆ. ಸೊನ್ನೆಗೆ ಜಾಗ ಬೇಡ, ದಾರಿ ಸಲೀಸಾಯಿತು. ನಮ್ಮ ಸಾಹೇಬರು ಬೆನ್ನು ತಟ್ಟಿದರು. ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ಮೊದಲ ಗಂಟೆ ಹಿಡಿದ ದಿನ ಭಾವ ಇದೇ ಕುರ್ಚಿಯಲ್ಲಿದ್ದರು. ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, "ಹದಿನೇಳನೇದು ಸರಿಯಿಲ್ಲ ಕಣೋ. ಒಳಗೆ ಯಾರೋ ಮರಳು ಜರಡಿ ಹಿಡಿತಿದ್ದಾರೆ. ಇವತ್ತು ಬೇಡ, ನಾಲ್ಕು ದಿನ ಬಿಟ್ಟು ಹಿಡಿ" ಅಂದರು. ನಾನೂ ಆ ತಂತಿಗೆ ಕಿವಿ ಕೊಟ್ಟೆ. ನನ್ನ ಕಿವಿಗೆ ಏನೂ ಬೀಳಲಿಲ್ಲ. ಮಾರನೇ ದಿನ ಸಾಹೇಬರು ಬರುವವರಿದ್ದರು, ಅವರಿಗೆ ತೋರಿಸುವ ಅವಸರ ನನಗೆ. "ಭಾವ, ಅದು ಗೋಡೆ ಸದ್ದಲ್ಲ, ನಿಮ್ಮ ಕಿವಿ ಒಳಗಿಂದು. ವಯಸ್ಸಾಯ್ತಲ್ಲ" ಅಂದೆ. ಜೊತೆಗಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಭಾವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ರಿಜಿಸ್ಟರಿನಲ್ಲಿ ಏನೋ ಬರೆದು ಮೆಟ್ಟಿಲ ಕಡೆ ನಡೆದರು. ನಾನು ಬಟನ್ ಒತ್ತಿದೆ.

ಅಷ್ಟಕ್ಕೂ ಸುಮ್ಮನಾಗದೆ ವರದಿಯಲ್ಲಿ ಬರೆದೆ: 'ಆಲಿಸುವ ನೌಕರರ ಶ್ರವಣಶಕ್ತಿ ಕುಂದಿದೆ, ಇನ್ನು ಮುಂದೆ ಮನುಷ್ಯರ ಕಿವಿಯನ್ನು ಅವಲಂಬಿಸುವುದು ಸೂಕ್ತವಲ್ಲ.' ನಿನಗೆ ಅದು ಯಾರಿಂದ ತಿಳಿಯಿತೋ. ಆವತ್ತು ನಾನು ಮನೆಗೆ ಬಂದಾಗ ನೀನು ಬಾಗಿಲಲ್ಲೇ ತಡೆದೆ. "ಅವರ ಕಿವಿ ಸರಿಯಿಲ್ಲ ಅಂತ ಬರೆದ ಕೈಗೆ ನಾನು ಊಟ ಬಡಿಸಲ್ಲ ಕಣೋ, ಹೋಗು." ಒಳಗೆ ಭಾವ ಪುಟ್ಟಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅದೇ ಲೆಕ್ಕವನ್ನು ಮತ್ತೆ ಮೊದಲಿಂದ ಶುರುಮಾಡಿದರು. ನಾನು ನಿನ್ನ ಮೇಲೇ ಸಿಟ್ಟು ಮಾಡಿಕೊಂಡು ಬಂದೆ, ನೋಡು ನನ್ನ ಕೊಬ್ಬು.

ಈ ಸೋಮವಾರ ಪೆಟ್ಟಿಗೆಯ ನೆನಪಿನ ಜಾಗ ತುಂಬಿದೆ ಅಂತ ಹಳೆಯದನ್ನೆಲ್ಲ ಅಳಿಸಲು ಕೂತೆ. ವಾರವಾರ ಅದು ಹಿಡಿದಿಟ್ಟ ಮೌನಗಳು, ಅರವತ್ತೊಂದು. ಅಳಿಸುವ ಮುಂಚೆ ಸುಮ್ಮನೆ, ಹೊತ್ತು ಹೋಗಲಿ ಅಂತ, ಹದಿನೇಳನೆಯ ತಂತಿಯದನ್ನು ಮಾತ್ರ ಸದ್ದು ಪೂರ್ತಿ ಏರಿಸಿ ಒಂದರ ಹಿಂದೊಂದು, ಒಂದೊಂದು ನಿಮಿಷ, ಕೇಳುತ್ತಾ ಹೋದೆ. ಮೊದಲನೆಯದರಲ್ಲಿ, ಗುಂಯ್ ಹಿಂದೆ, ಯಾರೋ ಜರಡಿ ಹಿಡಿಯುತ್ತಿದ್ದರು. ಅಷ್ಟು ಸಣ್ಣದಾಗಿ. ಇಪ್ಪತ್ತನೆಯದರಲ್ಲಿ ಏರಿಸದೆಯೇ ಕೇಳಿಸಿತು. ನಲವತ್ತನೆಯದರಲ್ಲಿ ಮರಳಿನ ಜೊತೆ ಕಲ್ಲೂ ಉರುಳುತ್ತಿತ್ತು. ಅರವತ್ತೊಂದನೆಯದು ಮುಗಿಯುವ ತನಕ ನನ್ನಿಂದ ಕೂರಲಾಗಲಿಲ್ಲ ಅಕ್ಕ. ಗೋಡೆ ಒಂದು ವರ್ಷದಿಂದ ಕೂಗುತ್ತಿದೆ, ಪೆಟ್ಟಿಗೆ ವಾರವಾರವೂ ಆ ಕೂಗನ್ನೇ ಮೌನ ಅಂತ ಬರೆದುಕೊಂಡು, ಕೂಗಿನಲ್ಲಿ ಕೂಗನ್ನು ಕಳೆದು, ನಲವತ್ತು ಮೈಲಿ ಆಚೆಗೆ ನಿಯತ್ತಾಗಿ ಸೊನ್ನೆ ಕಳಿಸುತ್ತಿದೆ. ಅಲ್ಲಿಯ ಪ್ಯಾನೆಲ್‌ನಲ್ಲೂ, ಇಲ್ಲಿ ಕಟ್ಟೆಯ ಮೇಲಿನ ಆಫೀಸಿನ ಪ್ಯಾನೆಲ್‌ನಲ್ಲೂ ಇಪ್ಪತ್ತನಾಲ್ಕು ಹಸಿರು ದೀಪಗಳು ಉರಿಯುತ್ತಿವೆ. ಪೆಟ್ಟಿಗೆಯದೇನೂ ತಪ್ಪಿಲ್ಲ. ನಾನು ಕಲಿಸಿದ್ದನ್ನು ಅದು ಒಂದು ಅಕ್ಷರ ತಪ್ಪದೆ ಮಾಡಿದೆ.

ಮೇಲೆ ಸಾಹೇಬರ ಹತ್ತಿರ ಓಡಿದೆ. "ಪ್ಯಾನೆಲ್ ಹಸಿರಿದೆಯಲ್ಲಪ್ಪ" ಅಂದರು. ಹಿಡಿದಿಟ್ಟ ಸದ್ದನ್ನು ಅವರಿಗೆ ಕೇಳಿಸಿದೆ. "ಇದು ಮೌನ ಅಂತ ನೀನೇ ಸರ್ಟಿಫಿಕೇಟ್ ಕೊಟ್ಟಿದ್ದೀಯ. ಈಗ ಸದ್ದು ಅಂತೀಯ. ಯಾವುದನ್ನ ನಂಬಲಿ?" ನನಗೆ ತಲೆ ಕೆಟ್ಟು, ಮೌನ ಕಳೆಯುವುದನ್ನೇ ನಿಲ್ಲಿಸಿಬಿಟ್ಟೆ. ಗುಂಯ್ ಎಲ್ಲ ತಂತಿಯಲ್ಲೂ ನುಗ್ಗಿ ಇಪ್ಪತ್ತನಾಲ್ಕು ದೀಪವೂ ಕೆಂಪಾಯಿತು. ಸಾಹೇಬರು ನಕ್ಕರು. "ಕಟ್ಟೆ ಪೂರ್ತಿ ಒಡೆದಿದ್ರೆ ನಾವಿಬ್ಬರೂ ಇಲ್ಲಿ ನಿಂತು ಮಾತಾಡ್ತಿದ್ವಾ? ಕೆಟ್ಟಿರೋದು ನಿನ್ನ ಪೆಟ್ಟಿಗೆ." ಬೇರೆಯವರಿಂದ ಅದನ್ನು ಮೊದಲಿನಂತೆ ಮಾಡಿಸಿ, ನನ್ನ ಕೈಯಿಂದ ಪೆಟ್ಟಿಗೆಯ ಕೀಲಿ ಕಿತ್ತುಕೊಂಡು, ನಾಲ್ಕು ದಿನ ರಜೆ ಹಾಕು ಅಂದರು. ಅವರು ಕೆಟ್ಟವರಲ್ಲ. ಗೋಡೆಯ ಮೇಲಿನ ಭಾರ ಇಳಿಸಲು ಗೇಟು ತೆಗೆದು ನೀರು ಬಿಟ್ಟರೆ ಕೆಳಗಿನ ಸೇತುವೆ ಮುಳುಗುತ್ತದೆ, ನಾಳೆ ಅವರ ತಲೆ ಕೇಳುತ್ತಾರೆ. ನಿನ್ನೆ ಸಂಜೆ ನಾನು ಮತ್ತೆ ಕಾಲು ಹಿಡಿದಾಗ ನಿಯಮದ ಪುಸ್ತಕ ತೆಗೆದು ತೋರಿಸಿದರು. ಪ್ಯಾನೆಲ್ ಹಸಿರಿದ್ದರೂ ಗೇಟು ತೆಗೆಯಲು ಒಂದೇ ದಾರಿಯಿದೆ: ಪಟ್ಟಿಯಲ್ಲಿರುವ ಆಲಿಸುವ ನೌಕರ ಕಿವಿಕೋಣೆಯಲ್ಲಿ ಒಂದು ಗಂಟೆ ಕೂತು ಕೇಳಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಪಟ್ಟಿಯಲ್ಲಿರುವುದು ಒಂದೇ ಹೆಸರು. ಅದನ್ನು ಹೊಡೆದುಹಾಕಲು ಯಾರಿಗೂ ಪುರುಸೊತ್ತಾಗಿಲ್ಲ.

"ಅವರನ್ನ ಕರ್ಕೊಂಡು ಬಾ. ಅವರು ಬರೆದ್ರೆ ಆ ಕ್ಷಣ ತೆಗೀತೀನಿ" ಅಂದರು ಸಾಹೇಬರು. ಭಾವನ ಸಹಿ ನಾನೇ ಹಾಕಿಬಿಡೋಣ ಅಂತ ಪೆನ್ನು ತೆಗೆದದ್ದೂ ಉಂಟು. ಆದರೆ ಸಾಹೇಬರು ತಾವೇ ಎದುರಿಗೆ ಕೂರುತ್ತಾರಂತೆ.

ಈಗ ಗೊತ್ತಾಯಿತಲ್ಲ ನಾನೇನು ಕೇಳಲು ಹೊರಟಿದ್ದೇನೆ ಅಂತ. ನಾನು ಕುರ್ಚಿ ಬಿಡಿಸಿದ ಮನುಷ್ಯನನ್ನು ಒಂದು ಗಂಟೆ ಇಲ್ಲಿಗೆ ಕಳಿಸು ಅಂತ ಕೇಳುತ್ತಿದ್ದೇನೆ, ಅದೂ ಎಂಥ ಜಾಗಕ್ಕೆ! ಬೆಳಿಗ್ಗೆ ನಾನು ಇಳಿದು ಬರುವಾಗ ಮೋರಿಯ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಗೋಡೆಯ ಒಳಗಿನದು ಕೊಚ್ಚಿಕೊಂಡು ಬರುತ್ತಿದೆ. ಇನ್ನೆಷ್ಟು ಹೊತ್ತು ತಡೆದೀತು, ಒಂದು ತಿಂಗಳೋ ಒಂದು ಗಂಟೆಯೋ, ನನಗೆ ತಿಳಿಯದು. ಕೇಳಿ ಹೇಳಬಲ್ಲವರು ಅವರೊಬ್ಬರೇ. ಕಟ್ಟೆಯ ಕೆಳಗೆ ನಾನೂರು ಮನೆಗಳಿವೆ. ಎಂಟು ಮನೆಗೆ ನಾನೇ ಫೋನ್ ಮಾಡಿ ಹೇಳಿದೆ. "ಆಫೀಸಿಂದ ಆರ್ಡರ್ ಬಂದಿದೆಯಾ?" ಅಂತ ಕೇಳಿ ಇಟ್ಟರು.

ಭಾವನನ್ನು ಕಳಿಸುವುದಾದರೆ ಇದೇ ಜೀಪಿನಲ್ಲಿ ಕಳಿಸು. ನೀನು ಬರಬೇಡ. ಪುಟ್ಟಿಯನ್ನು ಕರೆದುಕೊಂಡು ಟ್ಯಾಂಕಿನ ದಿಬ್ಬ ಹತ್ತಿ ಕೂತಿರು, ಗೇಟು ತೆರೆದ ಸೈರನ್ ಕೂಗುವ ತನಕ ಇಳಿಯಬೇಡ. ಆ ಒಂದು ಗಂಟೆ ನಾನು ಅವರ ಕುರ್ಚಿಯ ಪಕ್ಕದಲ್ಲೇ ನಿಂತಿರುತ್ತೇನೆ, ಏನಾದರೂ ಆದರೆ ಇಬ್ಬರಿಗೂ ಆಗಲಿ. ಕಳಿಸುವುದಿಲ್ಲ ಅಂತಾದರೆ ಅವರಿಗೆ ಏನೂ ಹೇಳಬೇಡ. ಕಾಗದ ಹರಿದುಹಾಕು. ಏನೋ ಒಂದು ನೆವ ಹೇಳಿ ಮೂವರೂ ದಿಬ್ಬ ಹತ್ತಿ. ಜೀಪು ಖಾಲಿ ಬಂದರೆ ನಾನು ಒಂದು ಮಾತೂ ಆಡುವುದಿಲ್ಲ.

ಇದನ್ನು ಅವರಿಗೇ ಬರೆಯಬಹುದಿತ್ತು. ಬರೆದಿದ್ದರೆ ನಾಲ್ಕನೇ ಸಾಲಿಗೇ ಎದ್ದು ಚಪ್ಪಲಿ ಹುಡುಕುತ್ತಿದ್ದರು, ನಿನಗೆ ಗೊತ್ತಲ್ಲ ಅವರು. ಅದಕ್ಕೇ ಬರೆಯಲಿಲ್ಲ. ಒಮ್ಮೆ ನಿನ್ನನ್ನು ಕೇಳದೆ ಅವರನ್ನು ಈ ಕುರ್ಚಿಯಿಂದ ಎಬ್ಬಿಸಿದೆ. ಮತ್ತೆ ನಿನ್ನನ್ನು ಕೇಳದೆ ಕೂರಿಸಲಾರೆ. ಕ್ಷಮಿಸು ಅಂತ ಬರೆಯಲು ಕೈ ಬರುತ್ತಿಲ್ಲ. ತಪ್ಪು ಮಾಡಿದೆ ಅಕ್ಕ, ತುಂಬಾ ದೊಡ್ಡ ತಪ್ಪು ಮಾಡಿದೆ.

ಹನ್ನೆರಡೂ ಐವತ್ತು. ಡ್ರೈವರ್ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಕಾಗದ ಮಡಚುತ್ತಿದ್ದೆ. ಅವನು ಗೋಡೆಯ ಕಡೆ ನೋಡುತ್ತಾ, "ಸಾರ್, ಇದೇನ್ ಸಾರ್ ಒಳಗೆ, ಯಾರೋ ಜಲ್ಲಿ ಸುರೀತಿರೋ ಹಾಗೆ?" ಅಂದ.

ಅವನ ಕಿವಿಗೆ ಹೆಡ್‌ಫೋನ್ ಇಲ್ಲ ಅಕ್ಕ. ನನ್ನದೂ ಮೇಜಿನ ಮೇಲಿದೆ.

ಮೇಲೆ ಬರೆದದ್ದನ್ನೆಲ್ಲ ಬಿಡು. ಭಾವನನ್ನು ಕಳಿಸಬೇಡ. ಇನ್ನು ಇದನ್ನು ಕೇಳಲು ಅವರ ಕಿವಿ ಬೇಕಾಗಿಲ್ಲ, ಯಾರ ಕಿವಿಯಾದರೂ ಸಾಕು. ಡ್ರೈವರ್ ಹಾರ್ನ್ ಒತ್ತಿಕೊಂಡೇ ಇಳಿಯುತ್ತಾನೆ. ನೀವೂ ಸಿಕ್ಕ ಬಾಗಿಲು ಬಡಿಯುತ್ತಾ, ಸಿಕ್ಕವರನ್ನೆಲ್ಲ ಎಳೆದುಕೊಂಡು ದಿಬ್ಬ ಹತ್ತಿ. ಮನೆಗೆ ಬೀಗ ಹಾಕುತ್ತಾ ನಿಲ್ಲಬೇಡ. ನಾನು ಈ ಫೋನಿನಲ್ಲಿ ಸಾಹೇಬರನ್ನು ಕರೆದು ರಿಸೀವರನ್ನು ಗೋಡೆಗೆ ಹಿಡಿದುಕೊಂಡು ನಿಲ್ಲುತ್ತೇನೆ, ಅವರು ಗೇಟು ತೆಗೆಯುವ ತನಕ.

ಭಾವನಿಗೆ ಇಷ್ಟು ಹೇಳು: ಹದಿನೇಳನೇದು ಸರಿಯಿರಲಿಲ್ಲ.

ನೀವು ಮೂವರೂ ಎತ್ತರದಲ್ಲಿ, ಒಣ ನೆಲದ ಮೇಲೆ, ತಣ್ಣಗಿರಿ.

ನಿನ್ನ ತಮ್ಮ