ಉಪ್ಪುನೀರಿನ ಬಿಂದಿಗೆ

ಯಳಂದೂರು
೧೪-೩-೨೦೨೪

ಪ್ರೀತಿಯ ಅವ್ವನಿಗೆ ನಿನ್ನ ಯಶೋದ ಮಾಡುವ ನಮಸ್ಕಾರಗಳು.

ಫೋನಿರುವಾಗ ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನು ಮಾಡಿದಾಗಲೆಲ್ಲ ಅತ್ತೆ ಪಕ್ಕದಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿರುತ್ತಾರೆ. ಅವರ ವಿಷಯ ಅವರೆದುರಿಗೇ ಹೇಗೆ ಹೇಳಲಿ? ಅದೂ ಅಲ್ಲದೆ ನಾನು ಕಂಡದ್ದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಕೊಳ್ಳೇಗಾಲದಲ್ಲಿ ಓದುವಾಗ ಹಠ ಹಿಡಿದು ನಿನ್ನಿಂದ ಕೊಡಿಸಿಕೊಂಡ ಗಿಟಾರ್ ನೆನಪಿದೆಯಲ್ಲ? ಅದು ಕರೆಂಟಿನ ಗಿಟಾರ್. ಆಂಪ್ಲಿಫೈಯರ್ ಇಲ್ಲದಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ಅದನ್ನು ನೋಡಲಾರದೆ ನಿನ್ನ ಅಳಿಯ ಅಟ್ಟದಿಂದ ಮಾವನವರ ಹಳೆಯ ಮೈಕ್ ಸೆಟ್ ಇಳಿಸಿದರು. ಮಾವ ಪುಟ್ಟಸಿದ್ದಯ್ಯನವರು ಬದುಕಿದ್ದ ತನಕ ಸುತ್ತಮುತ್ತಲ ಮದುವೆಗಳಿಗೆಲ್ಲ ಅದೇ ಸೆಟ್ಟು. ಇವರು ಮೋಟಾರು ರಿಪೇರಿ ಅಂಗಡಿಯಿಂದ ಬಂದ ಮೇಲೆ ದಿನಾ ಸಂಜೆ ಕೂತು, ಅದರ ಗಾಜಿನ ವಾಲ್ವುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಹಾಕಿ ನನಗೊಂದು ಆಂಪ್ಲಿಫೈಯರ್ ಕಟ್ಟಿದರು. ಸ್ವಿಚ್ ಹಾಕಿದ ತಕ್ಷಣ ಏನೂ ಆಗಲಿಲ್ಲ. ಆಮೇಲೆ ಗಾಜಿನೊಳಗೆ ಒಲೆಯ ಕೆಂಡದ ಹಾಗೆ ನಿಧಾನಕ್ಕೆ ಕೆಂಪು ಬೆಳಕು ಹತ್ತಿತು. ಅಬ್ಬಾ, ನಾನು ಉಸಿರು ಬಿಡುವುದನ್ನೂ ಮರೆತಿದ್ದೆ.

ಆದರೆ ಸ್ಪೀಕರಿನಿಂದ ಬಂದದ್ದು ಬರೀ ಹೂಂಕಾರ. ಗಿಟಾರಿನ ತಂತಿ ಮುಟ್ಟಿದರೆ ಬೆರಳು ಜುಂ ಅನ್ನುತ್ತಿತ್ತು. ಇವರು ವಾಲ್ವ್ ಬದಲಿಸಿದರು, ಕೆಪಾಸಿಟರ್ ಬದಲಿಸಿದರು, ಒಳಗಿನ ವೈರುಗಳನ್ನೆಲ್ಲ ಕಿತ್ತು ಬೇರೆ ದಾರಿಯಲ್ಲಿ ಎಳೆದರು. ಹೂಂಕಾರ ಮಾತ್ರ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

ಅತ್ತೆಗೆ ಇಷ್ಟು ಸಾಕಾಯಿತು. "ಅದು ನಿಮ್ಮ ಮಾವುನ್ ಸೆಟ್ಟು ಕಣವ್ವ. ಮುಟ್ಬ್ಯಾಡಿ ಅಂತಾವ್ರೆ ಅವ್ರು. ಸ್ವಾಮಾರ ಗುಜರಿಯವ್ನು ಬತ್ತಾನೆ, ಕೊಟ್ಬುಡಿ" ಅಂದರು. ಇವರು ಎದುರಾಡಲಿಲ್ಲ. ನನಗೋ ಸಿಟ್ಟು, ಅಳು ಎರಡೂ. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಸದ್ದು ಅವ್ವ, ಅದೂ ಗುಜರಿಗೆ ಹೋಗುವುದರಲ್ಲಿತ್ತು.

ಭಾನುವಾರ ಮಧ್ಯಾಹ್ನ ಇವರು ಕೊನೆಯದಾಗಿ ಒಂದು ಪರೀಕ್ಷೆ ಮಾಡಿದರು. ಹೋಲ್ಡರಿನಲ್ಲಿ ಒಂದು ಬಲ್ಬು ಹಾಕಿ, ಅದರ ಒಂದು ವೈರನ್ನು ಕರೆಂಟಿಗೂ ಇನ್ನೊಂದನ್ನು ಅರ್ತಿಗೂ, ಅಂದರೆ ನೆಲಕ್ಕೆ ಹೋಗುವ ವೈರಿಗೂ, ಕೊಟ್ಟರು. ಅರ್ತು ಸರಿಯಿದ್ದರೆ ಬಲ್ಬು ಜೋರಾಗಿ ಉರಿಯಬೇಕಂತೆ. ಅದು ಬೂದಿ ಮುಚ್ಚಿದ ಕೆಂಡದಷ್ಟೂ ಉರಿಯಲಿಲ್ಲ. ಇವರು ಹಣೆ ಚಚ್ಚಿಕೊಂಡು, ಹೂಂಕಾರಕ್ಕೂ ಬೆರಳು ಜುಂ ಅನ್ನುವುದಕ್ಕೂ ಇದೇ ಕಾರಣ ಅಂದರು. ಬೋರ್ಡಿನಲ್ಲಿ ಮೂರು ತೂತಿದೆ ಅಂತ ನೋಡಿ, ಅರ್ತು ಇದ್ದೇ ಇರುತ್ತೆ ಅಂದುಕೊಂಡಿದ್ದರಂತೆ. "ಅವ್ವಾ, ನಮ್ಮನೆ ಅರ್ತು ಎಲ್ಲದೆ?" ಅಂತ ಕೂಗಿದರು.

ಅತ್ತೆ ನಮ್ಮನ್ನು ಬಚ್ಚಲುಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಇಟ್ಟಿಗೆ ಕಟ್ಟಿದ ಸಣ್ಣ ಗುಂಡಿ, ನಡುವೆ ತುಕ್ಕು ಹಿಡಿದ ಪೈಪು, ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಮಾವ ಆಯುಧಪೂಜೆಯ ದಿನ ಸೆಟ್ಟಿಗೂ ಈ ಗುಂಡಿಗೂ ಒಟ್ಟಿಗೇ ಅರಿಶಿನ ಕುಂಕುಮ ಇಡುತ್ತಿದ್ದರಂತೆ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆಗೆ, ದಿನಾ ಒಂದು ಬಿಂದಿಗೆ ಉಪ್ಪುನೀರು ಹುಯ್ಯುವುದು ನಿನ್ನ ಕೆಲಸ ಅಂದಿದ್ದರಂತೆ. ಯಾಕೆ ಅಂತ ಅತ್ತೆ ಕೇಳಲಿಲ್ಲ, ಮಾವ ಹೇಳಲಿಲ್ಲ. ಅತ್ತೆ ಅದನ್ನು ಪೂಜೆ ಅಂತಲೇ ತಿಳಿದು, ಸ್ನಾನ ಮಾಡಿ ಮಡಿಯಲ್ಲಿ ಹುಯ್ದುಕೊಂಡು ಬಂದಿದ್ದರಂತೆ.

"ಅವ್ರು ತೀರ್ಕಂಡ್ಮೇಲೆ ಬುಟ್ಬುಟ್ಟೆ. ಮುತ್ತೈದೇರು ಮಾಡೋ ಪೂಜೆ, ನಾನೆಂಗ್ ಮಾಡ್ಲಿ?"

ನಾನು ಬಿಂದಿಗೆ ತರಲು ತಿರುಗಿದೆ. ಇವರು ನನ್ನನ್ನು ತಡೆದು, ಅತ್ತೆಗೆ "ನೀನೇ ಉಯ್ಯವ್ವ" ಅಂದರು. ಅತ್ತೆ ಒಲ್ಲೆ ಅಂದರು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ತಾವೇ ಒಳಗೆ ಹೋಗಿ, ಬಿಂದಿಗೆಗೆ ಎರಡು ಹಿಡಿ ಉಪ್ಪು ಹಾಕಿ ತಂದರು. ಕರೆಂಟು ಆಫ್ ಮಾಡಿ ಅತ್ತೆಯ ಕೈಯಿಂದಲೇ ನೀರು ಹುಯ್ಯಿಸಿದೆವು. ಮಣ್ಣು ಸೊರ್ ಅಂತ ಕುಡಿಯಿತು. ಇನ್ನೊಂದು ಬಿಂದಿಗೆ, ಮತ್ತೊಂದು.

ನೆಲ ನೆಂದ ಮೇಲೆ ಇವರು ಸ್ವಿಚ್ ಹಾಕಿದರು. ಬಲ್ಬು ಝಗ್ಗನೆ ಉರಿಯಿತು! ಒಣಮಣ್ಣಿಗಿಂತ ಉಪ್ಪುನೀರು ಕುಡಿದ ಮಣ್ಣು ಕರೆಂಟನ್ನು ಚೆನ್ನಾಗಿ ಒಯ್ಯುತ್ತದಂತೆ. ನಮ್ಮ ಹಿತ್ತಿಲ ಮಣ್ಣಿಗೆ ಇಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ ಅವ್ವ. ಆಂಪ್ಲಿಫೈಯರ್ ಹಾಕಿದರೆ ಹೂಂಕಾರ ಮಾಯ. ಇವರು ಮೊದಲು ಟೆಸ್ಟರ್ ಇಟ್ಟು ನೋಡಿ, ಆಮೇಲೆ ನನ್ನ ಕೈಗೆ ಗಿಟಾರ್ ಕೊಟ್ಟರು. ಒಂದೇ ತಂತಿ ಮೀಟಿದೆ. ಆ ನಾದ ಮನೆ ತುಂಬಿ, ಹಿತ್ತಿಲು ದಾಟಿ ಹೋಯಿತು. ಮೈಯೆಲ್ಲ ಮುಳ್ಳೆದ್ದಿತು. ಅತ್ತೆ ಖಾಲಿ ಬಿಂದಿಗೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಇಷ್ಟ್ ದಿನ ಬಾಯಾರ್ಕಂಡಿದ್ರು ಕಣವ್ವ ನಿಮ್ಮ ಮಾವ" ಅಂದರು.

ಸೋಮವಾರ ಬಂದ ಗುಜರಿಯವನಿಗೆ ಒಡೆದ ಬಕೆಟ್ಟು ಕೊಟ್ಟು ಕಳಿಸಿದರು. ಈಗ ದಿನಾ ಬೆಳಿಗ್ಗೆ ಬಿಂದಿಗೆಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ಇಂತಿ ನಿನ್ನ ಮಗಳು,
ಯಶೋದ

ಮರೆತ ಮಾತು: ಅಪ್ಪ ಹೋದ ಮೇಲೆ ನೀನು ಸೋಬಾನೆ ಹೇಳುವುದನ್ನು ಬಿಟ್ಟೆ, ನಮ್ಮೂರು ಬಂಡಳ್ಳಿಯ ಮದುವೆ ಚಪ್ಪರಗಳಿಗೆ ಹೋಗುವುದನ್ನೂ ಬಿಟ್ಟೆ ಅಂತ ಅತ್ತೆಗೆ ಹೇಳಿದೆ. ನಿನಗೆ ಹೀಗೆ ಬರೆ ಅಂದರು: "ಬೀಗ್ತೀರು ಬರ್ಲಿ. ನಾನು ನೀರ್ ಉಯ್ತೀನಿ, ಅವ್ರು ಸೋಬಾನೆ ಏಳ್ಲಿ." ಮಾವನವರ ಮೈಕೂ ಸಿದ್ಧವಾಗಿದೆ ಅವ್ವ.